ಕೊರಿಯರ್ ರೂಲ್ಸ್ ಫೀಚರ್: ಉಪ್ಪಿನಕಾಯಿಗೆ ಓಕೆ, ಹಪ್ಪಳಕ್ಕೆ ಕೈ ಕೊಡ್ತು

ಶಿರಸಿಯಿಂದ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮುರುಗಲ ಸಿಪ್ಪೆ ಕಳ್ಸೋ ಚಿಕ್ಕ ಬಿಸಿನೆಸ್ ನಮ್ದು. ಅತ್ತಿಗೆ ಮಾಡ್ತಾರೆ, ನಾನು ಪ್ಯಾಕ್ ಮಾಡಿ ಕಳಿಸ್ತೀನಿ. ದಿನಕ್ಕೆ ಐದಾರು ಆರ್ಡರ್ ಇದ್ದಾಗ ಯಾವ ಡಬ್ಬಿ ಯಾವ ಕೊರಿಯರ್‌ಗೆ ಅಂತ ನಾನೇ ಒಂದೊಂದಾಗಿ ಆರಿಸ್ತಿದ್ದೆ, ಆಮೇಲೆ ಆರ್ಡರ್ ನಲವತ್ತು ದಾಟಿದ್ಮೇಲೆ ತಲೆ ಕೆಟ್ಟೋಯ್ತು, ಅದಕ್ಕೇ ಏಳೆಂಟು ಕೊರಿಯರ್ ಕಂಪನಿನ ಒಂದೇ ಅಕೌಂಟಲ್ಲಿ ಕೊಡೋ ಸಾಫ್ಟ್‌ವೇರ್ ಒಂದಕ್ಕೆ ಸೇರ್ಕೊಂಡೆ. ಹೆಸರು ಹಾಕಲ್ಲ, ಈ ಥರದವೆಲ್ಲ ಸುಮಾರಾಗಿ ಹೀಗೇ ಇರ್ತವೆ. ಎಂಟು ತಿಂಗಳಾಯ್ತು. ಅದರ ರೂಲ್ಸ್ ಫೀಚರ್ ಬಗ್ಗೆ ಮಾತ್ರ ಬರೀತಿದೀನಿ, ಯಾಕಂದ್ರೆ ದುಡ್ಡು ಉಳಿಯೋದೂ ಅಲ್ಲೇ ಹೋಗೋದೂ ಅಲ್ಲೇ.

ಐಡಿಯಾ ಸಿಂಪಲ್. ಆರ್ಡರ್ ಹೀಗಿದ್ರೆ ಈ ಕೊರಿಯರ್‌ಗೆ ಹಾಕು, ಅಷ್ಟೇ. ಪಿನ್‌ಕೋಡ್, ತೂಕ, ಸಿಒಡಿನಾ (ಪಾರ್ಸೆಲ್ ಕೈಗೆ ಬಂದ್ಮೇಲೆ ದುಡ್ಡು ಕೊಡೋದು) ಪ್ರೀಪೇಯ್ಡಾ, ಬಿಲ್ ಎಷ್ಟು, ಯಾವ ಐಟಂ, ಇವನ್ನೆಲ್ಲ ಸೇರಿಸಿ ರೂಲ್ ಬರೀಬಹುದು. ಮೊದಲ ದಿನ ಅರ್ಧ ಗಂಟೇಲಿ ಒಂಬತ್ತು ರೂಲ್ ಮಾಡಿ ಬೀಗ್ಬಿಟ್ಟೆ. ಅದ್ರಲ್ಲಿ ಎಲ್ಲದಕ್ಕಿಂತ ಮೇಲೆ ಇಟ್ಟಿದ್ದು 'ಯಾರು ಕಮ್ಮಿ ರೇಟೋ ಅವ್ರಿಗೆ'.

ಅಲ್ಲೇ ಎಡವಿದ್ದು. ಸಾಫ್ಟ್‌ವೇರ್ ಮೇಲಿಂದ ಕೆಳಗೆ ಓದ್ಕೊಂಡು ಬರುತ್ತೆ, ಮೊದಲು ಯಾವ ರೂಲ್ ಹೊಂದುತ್ತೋ ಅಲ್ಲೇ ನಿಲ್ಲುತ್ತೆ. ಕಂಡೀಷನ್ನೇ ಇಲ್ದಿರೋ ರೂಲ್ ತಲೆ ಮೇಲೆ ಕೂತಿದ್ರೆ ಕೆಳಗಿನ ಎಂಟೂ ದಂಡ. ಹತ್ತು ದಿನ ಗೊತ್ತೇ ಆಗ್ಲಿಲ್ಲ. ಹಂಗೆ ಕಮ್ಮಿ ರೇಟಿನವ್ರ ಕೈಲಿ ಗುವಾಹಟಿಗೆ ಹೋಗಿದ್ದ ಒಂದು ಸಿಒಡಿ ಪಾರ್ಸೆಲ್ 'ಗ್ರಾಹಕರು ಸಿಗಲಿಲ್ಲ' ಅಂತ ಮೂರು ಸಲ ಬರೆಸ್ಕೊಂಡು ವಾಪಸ್ ಬಂತು, ಆಯಮ್ಮ ನೋಡಿದ್ರೆ ಒಂದು ಫೋನೂ ಬಂದಿಲ್ಲ ಮಾರಾಯ್ತಿ ಅಂತಾರೆ. ಬಾಟ್ಲಿ ಮುಚ್ಚಳ ಸಡಿಲ ಆಗಿ ಎಣ್ಣೆ ಇಳಿದು ರಟ್ಟಿನ ಬಾಕ್ಸ್ ಹಪ್ಪಳದ ಹಿಟ್ಟಿನ ಥರ ಮೆತ್ತಗಾಗಿತ್ತು, ಲೇಬಲ್ ಮೇಲಿನ ಬಾರ್‌ಕೋಡ್ ಸ್ಕ್ಯಾನೇ ಆಗ್ಲಿಲ್ಲ. ಹೋಗೋ ಚಾರ್ಜ್, ಬರೋ ಚಾರ್ಜ್ ಎರಡೂ ನಮ್ಮ ತಲೆಗೇ. ರೂಲ್ ತಪ್ಪು ನಂದೇ, ಆದ್ರೆ 'ಈ ರೂಲ್ ಯಾವತ್ತೂ ಓಡಲ್ಲ' ಅಂತ ಒಂದು ಕೆಂಪು ಗೆರೆ ಹಾಕೋಕೆ ಇವ್ರಿಗೇನು ಕಷ್ಟ?

ಎರಡನೇದು ಹಪ್ಪಳದ ಕಥೆ, ಇದಕ್ಕೆ ನಂಗೆ ನಿಜವಾಗ್ಲೂ ಸಿಟ್ಟಿದೆ. ಒಂದೂಕಾಲು ಕೆಜಿ ಹಪ್ಪಳ ಒಡೀದೇ ಹೋಗ್ಬೇಕು ಅಂದ್ರೆ ದೊಡ್ಡ ಬಾಕ್ಸೇ ಬೇಕು, ನಮ್ದು 40, 30, 20 ಸೆಂಟಿಮೀಟರ್. ಕೊರಿಯರ್‌ನವ್ರು ಉದ್ದ ಅಗಲ ಎತ್ತರ ಗುಣಿಸಿ 5000ದಿಂದ ಭಾಗಿಸ್ತಾರೆ, ಅದು 4.8 ಕೆಜಿ. ನಿಜವಾದ ತೂಕ, ಈ ಲೆಕ್ಕದ ತೂಕ, ಎರಡ್ರಲ್ಲಿ ಯಾವ್ದು ಜಾಸ್ತಿನೋ ಅದಕ್ಕೆ ಬಿಲ್. ನನ್ನ ರೂಲ್ ಇದ್ದಿದ್ದು 'ಒಂದೂವರೆ ಕೆಜಿ ಒಳಗಿದ್ರೆ ಅರ್ಧ ಕೆಜಿ ಸ್ಲ್ಯಾಬಿನ ಕೊರಿಯರ್‌ಗೆ ಹಾಕು' ಅಂತ (ಪ್ರತಿ ಅರ್ಧ ಕೆಜಿಗೂ ಒಂದೊಂದು ಚಾರ್ಜ್, ಅದೇ ಸ್ಲ್ಯಾಬ್), ಸಾಫ್ಟ್‌ವೇರ್ ನಾನು ಟೈಪ್ ಮಾಡಿದ 1.25 ನೋಡಿ ನಿಯತ್ತಾಗಿ ಅಲ್ಲಿಗೇ ಹಾಕ್ತು, ಅವ್ರು ಹತ್ತು ಸ್ಲ್ಯಾಬ್ ಎಳೆದ್ರು! ಹದಿನೈದು ದಿನ ಆದ್ಮೇಲೆ ವಾಲೆಟಿಂದ ವೇಟ್ ಡಿಫರೆನ್ಸ್ ಅಂತ ದುಡ್ಡು ಕಟ್. ಅದೇ ಬಾಕ್ಸು ಐದು ಕೆಜಿ ಸ್ಲ್ಯಾಬ್ ಇರೋ ಸರ್ಫೇಸ್ (ವಿಮಾನದಲ್ಲಲ್ಲ, ನೆಲದ ಮೇಲೆ ಹೋಗೋ) ಕೊರಿಯರಲ್ಲಿ ಒಂದೇ ಸ್ಲ್ಯಾಬಿಗೆ ಮುಗೀತಿತ್ತು. ಬಾಕ್ಸ್ ಸೈಜ್ ಹಾಕೋ ಜಾಗ ಅದೇ ಆರ್ಡರ್ ಪೇಜಲ್ಲಿದೆ, ಆದ್ರೆ ರೂಲ್ ಮಾತ್ರ ಅದನ್ನ ನೋಡಲ್ಲ. ಈಗ ನಾನು ತೂಕ ಬಿಟ್ಟು ಐಟಂ ಹೆಸರಲ್ಲೇ ರೂಲ್ ಇಟ್ಟಿದೀನಿ, ಆರ್ಡರಲ್ಲಿ ಹಪ್ಪಳ ಇದ್ರೆ ಸೀದಾ ಸರ್ಫೇಸ್.

ಇನ್ನೊಂದು ವಿಷ್ಯ, ಇದು ಬೆಂಗಳೂರವ್ರಿಗೆ ಅರ್ಥ ಆಗೋದು ಕಷ್ಟ. ರೂಲ್ ಜಾಸ್ತಿ ಆದಷ್ಟೂ ಪಾರ್ಸೆಲ್ ಹಂಚ್ಕೊಂಡು ಹೋಗುತ್ತೆ, ಒಬ್ಬನಿಗೆ ಇಪ್ಪತ್ತು, ಇನ್ನೊಬ್ಬನಿಗೆ ಎರಡು. ಆ ಎರಡಕ್ಕೋಸ್ಕರ ಮಳೆಗಾಲದಲ್ಲಿ ನಮ್ಮ ಮನೆ ತನಕ ಯಾರು ಬರ್ತಾರೆ? ಪಿಕಪ್ ಹುಡುಗ ಬಂದ, ಜಗಲಿ ಮೇಲಿಟ್ಟ ರಾಶಿಲಿ ತನ್ನ ಲೇಬಲ್‌ದು ಹುಡುಕ್ದ, "ಅಕ್ಕಾ, ಇವು ನಮ್ದಲ್ಲ" ಅಂದು ಎರಡು ಬಾಕ್ಸ್ ಪಕ್ಕಕ್ಕಿಟ್ಟು ಹೋದ. ಆ ಎರಡೂ ಬಾಕ್ಸ್ ಮೂರು ದಿನ ಅಲ್ಲೇ ಕೂತಿದ್ವು. ರೇಟಲ್ಲಿ ಹತ್ತು ರೂಪಾಯಿ ಉಳಿಸೋಕೆ ಹೋಗಿ ಕಸ್ಟಮರ್ ಹತ್ರ ಬೈಸ್ಕೊಂಡಿದ್ದಾಯ್ತು.

ಹಂಗಾಗಿ ಒಂಬತ್ತು ರೂಲ್ ಈಗ ನಾಲ್ಕಕ್ಕೆ ಇಳಿದಿದೆ. ಮೊದಲ್ನೇದು ಪಿನ್‌ಕೋಡ್ 78, 79, 18, 19ರಿಂದ ಶುರುವಾದ್ರೆ ಯಾರಿಗೂ ಹಾಕ್ಬೇಡ, ಹೋಲ್ಡ್ ಮಾಡು. ಅಂದ್ರೆ ಈಶಾನ್ಯದ ಕಡೆ, ಜಮ್ಮು ಕಾಶ್ಮೀರ, ಲಡಾಖ್, ಅದನ್ನ ನಾನೇ ಪೋಸ್ಟ್ ಆಫೀಸಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡ್ತೀನಿ. ಎರಡ್ನೇದು ಹಪ್ಪಳ. ಮೂರ್ನೇದು 56ರಿಂದ 59ರ ತನಕ, ಅಂದ್ರೆ ಕರ್ನಾಟಕ, ಅದು ದಿನಾ ತಪ್ಪದೇ ಬರೋ ಹುಡುಗನ ಕಂಪನಿಗೆ. ಉಳಿದಿದ್ದೆಲ್ಲ ಕಮ್ಮಿ ರೇಟಿಗೆ, ಅದೂ ಸರ್ಫೇಸ್ ಮಾತ್ರ, ಉಪ್ಪಿನಕಾಯಿ ಎಣ್ಣೆ ಪದಾರ್ಥ, ಏರ್‌ಗೆ ಹಾಕಿದ್ರೆ ಎಲ್ಲಾದ್ರೂ ಹಿಡಿದಿಟ್ಕೋತಾರೆ.

ರೂಲ್ ಬದಲಾಯಿಸಿದ್ಮೇಲೆ ಹಳೇ ಆರ್ಡರ್ ಮೇಲೆ ಟೆಸ್ಟ್ ಮಾಡಿ ನೋಡೋ ಆಪ್ಷನ್ ಇಲ್ಲ. ಹೊಸ ರೂಲ್ ಸೇವ್ ಮಾಡಿದ್ರೆ ಸೀದಾ ನಿಜವಾದ ಆರ್ಡರ್ ಮೇಲೇ ಓಡುತ್ತೆ, ಅದಕ್ಕೇ ನಾನು ಭಾನುವಾರ ಪಿಕಪ್ ಇಲ್ಲದ ಹೊತ್ತಲ್ಲಿ ಮಾತ್ರ ಕೈ ಹಾಕೋದು. ಯಾವ ರೂಲಿಂದ ಯಾವ ಕೊರಿಯರ್‌ಗೆ ಹೋಯ್ತು ಅನ್ನೋ ಹಿಸ್ಟರಿ ಇದೆ, ಆದ್ರೆ ಆರ್ಡರ್ ಓಪನ್ ಮಾಡಿ ಕೆಳಗಿನ ತನಕ ಸ್ಕ್ರೋಲ್ ಮಾಡ್ಬೇಕು, ನಂಗೆ ಅದು ಸಿಕ್ಕಿದ್ದೇ ಆರನೇ ತಿಂಗಳಲ್ಲಿ. ಸಪೋರ್ಟ್‌ನಲ್ಲಿ ಕನ್ನಡ ಇಲ್ಲ, ಹಿಂದಿಲಿ ಹಪ್ಪಳದ ಬಾಕ್ಸ್ ಯಾಕೆ ದೊಡ್ಡದು ಅಂತ ವಿವರಿಸಿದ್ದು ನೆನೆಸ್ಕೊಂಡ್ರೆ ಈಗ್ಲೂ ನಗು ಬರುತ್ತೆ.

ಐದಕ್ಕೆ ಮೂರೂವರೆ. ಬೆಳಿಗ್ಗೆ ಎರಡು ಗಂಟೆ ಹಿಡೀತಿದ್ದ ಕೆಲ್ಸ ಈಗ ಲೇಬಲ್ ಪ್ರಿಂಟ್ ಸೇರಿ ಇಪ್ಪತ್ತೈದು ನಿಮಿಷ, ಅದಕ್ಕೇ ಬಿಟ್ಟಿಲ್ಲ. ವೇಟ್ ಡಿಫರೆನ್ಸ್ ಕಂಪ್ಲೇಂಟ್ ಇನ್ನೂ ಎರಡು ಪೆಂಡಿಂಗ್ ಇದೆ, ಟೇಪ್ ಹಿಡಿದು ಬಾಕ್ಸ್ ಅಳೆದ ಫೋಟೋ ಕಳ್ಸಿ ಕೂತಿದೀನಿ.