ಪ್ರಾಣಿಗಳ ಟ್ರಂಪ್ ಕಾರ್ಡ್: ಇಂಗ್ಲಿಷ್ ತರಗತಿಯಲ್ಲಿ ಎರಡು ವರ್ಷ ಆಡಿಸಿದ ಮೇಲೆ

ಐದಕ್ಕೆ ಮೂರೂವರೆ ಸ್ಟಾರ್. ಅದರಲ್ಲಿ ಒಂದು ಸ್ಟಾರ್ ಮಕ್ಕಳದ್ದು, ಕಂಪನಿಯದ್ದಲ್ಲ.

ನಾನು ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಎಂಟನೇ ತರಗತಿಗೆ ಕಂಪ್ಯಾರಟಿವ್, ಅಂದರೆ 'ಬಿಗ್ಗರ್', 'ಹೆವಿಯರ್' ಥರದ ಹೋಲಿಕೆಯ ರೂಪ, ರೂಢಿ ಮಾಡಿಸಲು ಈ ಪ್ಯಾಕ್ ತರಿಸಿದೆ. ಬೆಲೆ ನೂರೈವತ್ತರ ಆಸುಪಾಸು. ಒಂದೊಂದು ಕಾರ್ಡಿನಲ್ಲಿ ಒಂದೊಂದು ಪ್ರಾಣಿ, ಕೆಳಗೆ ಉದ್ದ, ತೂಕ, ವೇಗ, ಆಯುಸ್ಸು. ನಾಲ್ಕು ಜನ ಕೂರುತ್ತಾರೆ, ಒಬ್ಬರು ಒಂದು ಅಂಕಿ ಓದುತ್ತಾರೆ, ಯಾರದ್ದು ದೊಡ್ಡದೋ ಅವರಿಗೆ ಎಲ್ಲರ ಕಾರ್ಡ್. ಕ್ರಿಕೆಟ್ ಟ್ರಂಪ್ ಕಾರ್ಡ್ ಆಡಿ ಬೆಳೆದವರಿಗೆ ಹೇಳಿಕೊಡುವುದೇ ಬೇಡ.

ಇಸ್ಪೀಟ್ ಎಲೆಯಲ್ಲೇ ಆಡಿಸಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ನಮ್ಮ ಕಡೆ ಆಗಲ್ಲ. ಮಕ್ಕಳ ಕೈಯಲ್ಲಿ ಇಸ್ಪೀಟ್ ಕಂಡರೆ ಊರಿನವರಿಗೆ ನೆನಪಾಗುವುದು ಅಂದರ್ ಬಾಹರ್. ಜಿರಾಫೆ ಚಿತ್ರ ಇದ್ದರೆ ಯಾರೂ ತಕರಾರು ತೆಗೆಯುವುದಿಲ್ಲ.

ಈಗ ಮುಖ್ಯ ಮಾತು. ಡಬ್ಬಿ ಮೇಲೆ 'ಆಡುತ್ತಾ ಇಂಗ್ಲಿಷ್ ಕಲಿಯಿರಿ' ಎಂಬ ಅರ್ಥದ್ದೇನೋ ಇದೆ. ಸುಮ್ನೆ ಕಾರ್ಡ್ ಕೊಟ್ಟರೆ ಒಂದು ವಾಕ್ಯವೂ ಹುಟ್ಟುವುದಿಲ್ಲ. "ವೇಟ್, ಆರು ಸಾವಿರ ಕೆಜಿ!" ಅಂತ ಕೂಗಿ ಕಾರ್ಡ್ ಬಾಚಿಕೊಳ್ಳುತ್ತಾರೆ, ಅಷ್ಟೇ. ಹಾಗಾಗಿ ನಮ್ಮ ತರಗತಿಯಲ್ಲಿ ಒಂದೇ ಕಾನೂನು: ಗೆದ್ದವರು ಪೂರ್ತಿ ವಾಕ್ಯ ಹೇಳಬೇಕು. 'ದಿ ಎಲಿಫೆಂಟ್ ಈಸ್ ಹೆವಿಯರ್ ದ್ಯಾನ್ ದಿ ಕ್ಯಾಮೆಲ್.' 'ದ್ಯಾನ್' ಬಿಟ್ಟರೆ ಕಾರ್ಡ್ ಇಲ್ಲ. 'ಮೋರ್ ಹೆವಿಯರ್' ಅಂದರೂ ಇಲ್ಲ. ತಪ್ಪು ಹಿಡಿದವರಿಗೇ ಆ ಕಾರ್ಡ್‌ಗಳೆಲ್ಲ.

ಇಷ್ಟು ಮಾಡಿದ ಮೇಲೆ ಆಟದ ಬಣ್ಣವೇ ಬದಲಾಯಿತು. ನಾನು ಬೋರ್ಡ್ ಮೇಲೆ ಬರೆದಾಗ ಕಿಟಕಿ ಕಡೆ ನೋಡುವವರೂ ಎದುರಾಳಿಯ ಬಾಯನ್ನೇ ನೋಡುತ್ತಾ ಕೂರುತ್ತಾರೆ. "ಮೇಡಂ, ಅಕಿ ಬಿಗ್ ದ್ಯಾನ್ ಅಂದ್ಲರೀ, ಕಾರ್ಡ್ ನಂದರೀ!" 'ಬಿಗ್ ದ್ಯಾನ್' ನಮ್ಮ ಮಕ್ಕಳಿಗೆ ಸಹಜವಾಗಿ ಬರುವ ತಪ್ಪು. ಕನ್ನಡದಲ್ಲಿ 'ಕುದುರೆಗಿಂತ ಆನೆ ದೊಡ್ಡದು' ಅಂದರೆ ಕೆಲಸ ಮುಗಿಯಿತು, 'ದೊಡ್ಡದು' ಹಾಗೇ ಇರುತ್ತದೆ. ಇಂಗ್ಲಿಷಿನಲ್ಲಿ 'ದ್ಯಾನ್' ಸೇರಿಸಿದರೆ ಸಾಲದು, 'ಬಿಗ್' ಕೂಡ 'ಬಿಗ್ಗರ್' ಆಗಬೇಕು. ಇದನ್ನು ನಾನು ವಿವರಿಸಿದ್ದಕ್ಕಿಂತ ಕಾರ್ಡ್ ಕಳೆದುಕೊಂಡು ಕಲಿತವರೇ ಜಾಸ್ತಿ.

ಪ್ಯಾಕಿನ ತೊಂದರೆಗಳೂ ಇವೆ. ತೂಕ ಕೆಲವು ಕಾರ್ಡಿನಲ್ಲಿ ಕೆಜಿ, ಕೆಲವದರಲ್ಲಿ ಪೌಂಡ್. ಒಂದು ಕೆಜಿ ಅಂದರೆ 2.2 ಪೌಂಡ್, ಹಾಗಾಗಿ ಸುಮ್ಮನೆ ಅಂಕಿ ನೋಡಿದರೆ ಹಗುರ ಪ್ರಾಣಿ ಭಾರದ್ದನ್ನು ಸೋಲಿಸುತ್ತದೆ. ಎಲ್ಲವನ್ನೂ ಪೆನ್ನಿನಲ್ಲಿ ತಿದ್ದಬೇಕಾಯಿತು. ನೀಲಿ ತಿಮಿಂಗಿಲ 30 ಮೀಟರ್ ಉದ್ದ, ತೂಕದಲ್ಲೂ ಅದರ ಮುಂದೆ ಯಾರೂ ಇಲ್ಲ. ಅದು ಸಿಕ್ಕವರಿಗೆ ಸೋಲೇ ಇಲ್ಲ. ಅದೀಗ ನನ್ನ ಡ್ರಾಯರ್‌ನಲ್ಲಿದೆ. ಕಾರ್ಡ್ ಖಾಲಿಯಾದವರು ಕೈಕಟ್ಟಿ ಕೂರುವುದು ಇನ್ನೊಂದು ಸಮಸ್ಯೆ. ಯಾರಿಗೆ ಅಭ್ಯಾಸ ಬೇಕೋ ಅವರೇ ಮೊದಲು ಹೊರಗೆ. ಈಗ ಗೆದ್ದ ಕಾರ್ಡನ್ನು ಪಕ್ಕಕ್ಕೆ ಇಟ್ಟು ಎಣಿಸುತ್ತೇವೆ. ಕೊನೆಯವರೆಗೂ ಎಲ್ಲರೂ ಆಟದಲ್ಲಿರುತ್ತಾರೆ.

ದೊಡ್ಡ ಕೊರತೆ ಬೇರೆಯೇ ಇದೆ. ಲಾಂಗರ್, ಹೆವಿಯರ್, ಫಾಸ್ಟರ್. ಅಂಕಿಯಿಂದ ಹೊರಡುವ ಪದಗಳೆಲ್ಲ ಹೀಗೇ. 'ಮೋರ್' ಹಾಕಬೇಕಾದ ಉದ್ದ ಪದಗಳಿಗೆ ಈ ಪ್ಯಾಕಿನಲ್ಲಿ ಜಾಗವೇ ಇಲ್ಲ. ಅದಕ್ಕೆ ಡೇಂಜರಸ್, ಬ್ಯೂಟಿಫುಲ್, ಯೂಸ್‌ಫುಲ್ ಅಂತ ಚೀಟಿ ಬರೆದು ಮಧ್ಯೆ ಇಟ್ಟೆ. ಚೀಟಿ ಎತ್ತಿದವರು ತಮ್ಮ ಕಾರ್ಡ್ ಪರ ವಾದ ಮಾಡಬೇಕು, ಉಳಿದವರು ವೋಟ್ ಹಾಕಬೇಕು. ಒಬ್ಬ ಹುಡುಗ ಹುಲಿ ಕಾರ್ಡ್ ಎದುರು ನಾಯಿ ಕಾರ್ಡ್ ಇಟ್ಟು 'ದಿ ಡಾಗ್ ಈಸ್ ಮೋರ್ ಡೇಂಜರಸ್ ದ್ಯಾನ್ ದಿ ಟೈಗರ್' ಅಂದ. ಗಲಾಟೆಯೋ ಗಲಾಟೆ. "ಹುಲಿ ಎಲ್ಲದ ರೀ ನಮ್ಮೂರಾಗ? ನಾಯಿ ದಿನಾ ಬೆನ್ನ ಹತ್ತತಾವ." ಇಂಗ್ಲಿಷ್‌ನಲ್ಲಿ ಹೇಳು ಅಂದೆ. ತಡವರಿಸಿ 'ಬಿಕಾಸ್ ನೋ ಟೈಗರ್ ಇನ್ ಅವರ್ ವಿಲೇಜ್' ಅಂದ. ವ್ಯಾಕರಣ ಪೂರ್ತಿ ಸರಿಯಿಲ್ಲ, ಇರಲಿ. ಮೂರು ವೋಟೂ ಅವನಿಗೇ. ವರ್ಷವಿಡೀ ಬಾಯಿ ಬಿಡದ ಹುಡುಗ ಅವನು.

ಆಮೇಲೆ ನಮ್ಮದೇ ಕಾರ್ಡ್ ಮಾಡಿಕೊಂಡೆವು. ನದಿಗಳದ್ದು ಒಂದು ಸೆಟ್: ಗೋದಾವರಿ 1,465 ಕಿ.ಮೀ., ಕೃಷ್ಣಾ ಸುಮಾರು 1,400, ಭೀಮಾ 861, ಮಾಂಜ್ರಾ 724. ಗೋದಾವರಿ–ಕೃಷ್ಣಾ ಎದುರಾದರೆ 'ಎ ಲಿಟಲ್ ಲಾಂಗರ್', ಗೋದಾವರಿ–ಮಾಂಜ್ರಾ ಆದರೆ 'ಮಚ್ ಲಾಂಗರ್'. ಕಟ್ಟಡಗಳ ಸೆಟ್ ಇನ್ನೂ ಮಜಾ. ಕಲಬುರಗಿ ಕೋಟೆಯ ಜಾಮಿ ಮಸೀದಿ 1367, ಬೀದರಿನ ಮಹಮೂದ್ ಗವಾನ್ ಮದರಸಾ 1472, ವಿಜಯಪುರದ ಗೋಳಗುಮ್ಮಟ 1656. 'ಓಲ್ಡರ್' ಅಂದಾಗ ಸಣ್ಣ ಅಂಕಿಗೇ ಗೆಲುವು. ಅಭ್ಯಾಸಬಲದಿಂದ ದೊಡ್ಡ ಅಂಕಿ ಹಿಡಿದು ಕುಣಿದವರು ಅಲ್ಲೇ ನಿಂತು ಯೋಚಿಸಬೇಕಾಗುತ್ತದೆ. ಪದದ ಅರ್ಥ ತಲೆಗೆ ಹೋಗಿದೆಯೋ ಇಲ್ಲವೋ ಅಂತ ನನಗೆ ಗೊತ್ತಾಗುವುದು ಆಗಲೇ. ಊಟದ ಸೆಟ್ಟೂ ಇದೆ. ಕಡಕ್ ರೊಟ್ಟಿಗೆ 'ಹಾರ್ಡರ್'ನಲ್ಲಿ ಎದುರಾಳಿಯೇ ಇಲ್ಲ, ಅದೇ ಇನ್ನೊಂದು ತಿಮಿಂಗಿಲ.

ಬಾಳಿಕೆ ಸಾಧಾರಣ. ಕಾಗದ ತೆಳು. ನಮ್ಮ ಬಿಸಿಲಿಗೆ ಬೆವರಿದ ಕೈ ತಾಗಿ ಮೊದಲ ವರ್ಷವೇ ಅಂಚು ಬಿರಿದವು. ಕಲಬುರಗಿ ಸೂಪರ್ ಮಾರ್ಕೆಟ್ ಕಡೆ ಹೋದಾಗ ಲ್ಯಾಮಿನೇಷನ್ ಮಾಡಿಸಿದೆ. ಅದರ ಖರ್ಚು ಪ್ಯಾಕಿಗಿಂತ ಜಾಸ್ತಿ.

ಪರೀಕ್ಷೆಗೆ ಇದನ್ನೇ ನಂಬಿ ಕೂರಬೇಡಿ. ಬಾಯಲ್ಲಿ 'ಬಿಗ್ಗರ್' ಸರಿಯಾಗಿ ಹೇಳುವವರೇ ಬರೆಯುವಾಗ ಒಂದು 'ಜಿ' ನುಂಗುತ್ತಾರೆ. 'ಹೆವಿಯರ್'ನಲ್ಲಿ 'ವೈ' ಹೋಗಿ 'ಐ' ಬರುವುದು ಆಟದಲ್ಲಿ ಕಾಣುವುದೇ ಇಲ್ಲ. ಹೋಲಿಕೆಯ ವಾಕ್ಯವನ್ನು ಅರ್ಥ ಕೆಡದಂತೆ 'ನೋ ಅದರ್' ಅಂತ ಶುರು ಮಾಡಿ ಬದಲಿಸಿ ಬರೆಯುವ ಪ್ರಶ್ನೆಗೂ ಇದರಿಂದ ಉಪಯೋಗವಿಲ್ಲ. ಆಟ ಮುಗಿದ ಮೇಲೆ ಗೆದ್ದ ಕಾರ್ಡ್‌ಗಳ ವಾಕ್ಯಗಳನ್ನು ನೋಟ್‌ಬುಕ್ಕಿನಲ್ಲಿ ಬರೆಸಲೇಬೇಕು.

ಕೊಳ್ಳುವುದಾದರೆ ಒಂದೇ ಪ್ಯಾಕ್ ಕೊಳ್ಳಿ, ಮಾದರಿಗೆ. ಉಳಿದ ಗುಂಪುಗಳಿಗೆ ಹಳೆ ಮದುವೆ ಕಾರ್ಡ್ ಕತ್ತರಿಸಿ ಮಕ್ಕಳ ಕೈಯಲ್ಲೇ ಮಾಡಿಸಿ. ಅವು ಗಟ್ಟಿಯಾಗಿಯೂ ಇರುತ್ತವೆ.