ಟೊಮೆಟೊ ಸಸಿ ಕೊಳ್ಳುವವರು ಬಿಳಿ ಚೀಟಿಗೆ ಒಪ್ಪಬೇಡಿ

ಯುಗಾದಿಗೆ ಮುಂಚೆ ನಾಟಿ ಮುಗಿಸಿ ಬೇಸಿಗೆಯ ಬೆಲೆ ಹಿಡಿಯಬೇಕೆಂದು ನರ್ಸರಿಗಳಿಗೆ ಮುಂಗಡ ಕೊಡುತ್ತಿರುವ ನಂಜನಗೂಡು, ತಿ. ನರಸೀಪುರ ಕಡೆಯ ಸಣ್ಣ ಬೆಳೆಗಾರರ ಗಮನಕ್ಕೆ ಇದನ್ನು ಬರೆಯುತ್ತಿದ್ದೇನೆ. ಕಳೆದ ಬೇಸಿಗೆಯಲ್ಲಿ ನಮ್ಮ ಅರ್ಧ ಎಕರೆ ಟೊಮೆಟೊದಿಂದ ಬಂಡೀಪಾಳ್ಯದ ಮಾರುಕಟ್ಟೆಗೆ ಒಯ್ಯುವಂಥ ಒಂದು ಕ್ರೇಟು ಹಣ್ಣೂ ಸಿಗಲಿಲ್ಲ.

ಎಲೆ ಮುದುಡು ರೋಗ ತಡೆಯುವ ತಳಿಯೆಂದು ಹೆಸರಾದ ಅರ್ಕಾ ರಕ್ಷಕ್ ಸಸಿಯೇ ಬೇಕೆಂದು ಹೇಳಿ, ನರ್ಸರಿಯವರು ಕೇಳಿದ ದರವನ್ನೇ ಕೊಟ್ಟಿದ್ದೆವು. ಅವರು ಕೊಟ್ಟ ಬಿಳಿ ಚೀಟಿಯಲ್ಲಿ ಸಸಿ ಟ್ರೇಗಳ ಲೆಕ್ಕ ಮತ್ತು ಹಣ ಬಿಟ್ಟರೆ ಬೇರೇನೂ ಇರಲಿಲ್ಲ. ಬಿಲ್ಲು ಆಮೇಲೆ ಕೊಡುತ್ತೇವೆಂದವರು ಕೊಡಲೇ ಇಲ್ಲ. ನಾಟಿಯಾದ ಮೂರು ವಾರದೊಳಗೆ ಎಲೆಯ ಅಂಚು ಹಳದಿಯಾಗಿ ದೊನ್ನೆಯಂತೆ ಮೇಲಕ್ಕೆ ಮಡಚಿಕೊಂಡಿತು, ಗಿಣ್ಣುಗಳು ಒತ್ತಾಗಿ ಗಿಡ ಪೊದೆಯಂತೆ ಕುಳ್ಳಾಯಿತು, ಕಟ್ಟಿದ ಹೂವೂ ಉದುರಿತು. ಈ ರೋಗದ ನಂಜನ್ನು (ವೈರಸ್) ಹರಡುವ ಬಿಳಿ ನೊಣ ಹೊರಗಿನಿಂದ ಹೊಲಕ್ಕೆ ಬಂದರೆ ರೋಗ ಸಾಮಾನ್ಯವಾಗಿ ಬದುವಿನ ಸಾಲುಗಳಲ್ಲಿ ಮೊದಲು ಕಾಣುತ್ತದೆ. ನಮ್ಮಲ್ಲಿ ನಡುವಿನ ಸಾಲು, ಬದುವಿನ ಸಾಲು ಎಂಬ ಭೇದವಿಲ್ಲದೆ ಒಮ್ಮೆಲೇ ಕಂಡಿತೆಂದರೆ ನಂಜು ಟ್ರೇಯಲ್ಲೇ ಅಂಟಿತ್ತೆಂದೇ ನನ್ನ ತೀರ್ಮಾನ. ದೂರು ಹೇಳಲು ಹೋದಾಗ ನರ್ಸರಿಯ ಪಕ್ಕಕ್ಕೆ ಕೀಟ ತಡೆಯಲು ಕಟ್ಟಿದ ಪರದೆ ಹರಿದು ಜೋತಾಡುತ್ತಿತ್ತು, ಟ್ರೇಯ ಮೇಲೆ ಕೈಯಾಡಿಸಿದರೆ ಎಲೆಯಡಿಯಿಂದ ಬಿಳಿ ನೊಣಗಳು ಹಿಟ್ಟು ಎರಚಿದ ಹಾಗೆ ಎದ್ದವು. ಅಷ್ಟಾದರೂ ಅವರು ನಮಗೆ ಇನ್ನೊಂದು ಔಷಧಿಯ ಬಾಟಲಿ ಮಾರಲು ನೋಡಿದರು! ಔಷಧಿ ನೊಣವನ್ನು ಕೊಲ್ಲಬಹುದು, ಗಿಡದೊಳಗೆ ಸೇರಿದ ನಂಜನ್ನು ತೆಗೆಯಲಾರದು.

ಬಂದ ಸಸಿ ನಾವು ಕೇಳಿದ ತಳಿಯದ್ದೋ ಅಲ್ಲವೋ ಎಂದು ತೋರಿಸಲು ಕಾಗದವಿಲ್ಲದ್ದರಿಂದ ಪರಿಹಾರದ ಮಾತು ಅಲ್ಲಿಗೇ ನಿಂತಿತು. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಆದರೆ ಗ್ರಾಹಕರ ಆಯೋಗದ ಮುಂದೆ ಇಡಲು ತಳಿಯ ಹೆಸರು, ಬೀಜದ ಲಾಟ್ ಸಂಖ್ಯೆ, ಬಿತ್ತಿದ ದಿನಾಂಕವಿರುವ ಬಿಲ್ಲು ಬೇಕು. ಬೀಜದ ಖಾಲಿ ಪೊಟ್ಟಣವನ್ನೂ ಕೇಳಿ ಪಡೆದು ಇಟ್ಟುಕೊಳ್ಳಿ. ರೋಗ ಕಂಡರೆ ಬೆಳೆ ಹೊಲದಲ್ಲಿ ನಿಂತಿರುವಾಗಲೇ ತೋಟಗಾರಿಕೆ ಇಲಾಖೆಗೆ ಅರ್ಜಿ ಕೊಟ್ಟು ಸ್ಥಳ ಪರಿಶೀಲನೆ ಮಾಡಿಸಿ. ನಂಜನಗೂಡು ಕಡೆಯವರಿಗೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರವೂ ಹತ್ತಿರವಿದೆ. ಸಸಿ ಹಸಿರಾಗಿದೆಯೆಂದು ನಂಬಬೇಡಿ, ರೋಗ ಅಂಟಿದ ಸಸಿಯೂ ಕೆಲವು ದಿನ ಹಸಿರಾಗಿಯೇ ಕಾಣುತ್ತದೆ. ಟ್ರೇ ಇಳಿಸಿಕೊಳ್ಳುವ ಮುನ್ನ ನರ್ಸರಿಯ ಒಳಗೆ ಹೋಗಿ ಪರದೆ ನೋಡಿ, ಎಲೆ ತಿರುವಿ ನೋಡಿ.

ಅದೇ ನರ್ಸರಿಯವರು ಈಗ ಮೆಣಸಿನಕಾಯಿ ಸಸಿಗೆ ಮುಂಗಡ ಪಡೆಯುತ್ತಿದ್ದಾರೆ. ಮೆಣಸಿನಕಾಯಿ ಗಿಡಕ್ಕೂ ಎಲೆ ಮುದುಡುವ ನಂಜನ್ನು ಹರಡುವುದು ಇದೇ ಬಿಳಿ ನೊಣವಾದ್ದರಿಂದ, ಎಲ್ಲೇ ಮುಂಗಡ ಕೊಟ್ಟಿರುವವರಾಗಲಿ, ಉಳಿದ ಹಣ ಕೊಡುವ ಮೊದಲು ಬಿಲ್ಲನ್ನು ಕೈಗೆ ಪಡೆಯಿರಿ.