ಜಿಟಿ86 ತಗ್ಗಿಸಲು ಪ್ರೋಗ್ರೆಸಿವ್ ಸ್ಪ್ರಿಂಗೋ, ಲೀನಿಯರ್ ಸ್ಪ್ರಿಂಗೋ?

ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿರುವ ಸಸ್ಪೆನ್ಶನ್), ಹಿಂದೆ ಡಬಲ್ ವಿಶ್‌ಬೋನ್ (ಚಕ್ರವನ್ನು ಮೇಲೆ, ಕೆಳಗೆ ತೋಳುಗಳು ಹಿಡಿದಿರುವ ಸಸ್ಪೆನ್ಶನ್) ಇರುವ ಟೊಯೋಟಾ ಜಿಟಿ86 ಕಾರನ್ನು 20–25 ಮಿಲಿಮೀಟರ್ ತಗ್ಗಿಸಬಯಸುವವರು ಮೊದಲು ಸ್ಪ್ರಿಂಗ್‌ನ ಬಗೆಯನ್ನು ನಿರ್ಧರಿಸಬೇಕು. ಪ್ರೋಗ್ರೆಸಿವ್ ಸ್ಪ್ರಿಂಗ್ ಅದುಮಿದಷ್ಟೂ ಬಿಗಿಯಾಗುವುದರಿಂದ ಸಣ್ಣ ಉಬ್ಬುಗಳಲ್ಲಿ ಮೃದುವಾಗಿರುತ್ತದೆ. ಲೀನಿಯರ್ ಸ್ಪ್ರಿಂಗ್‌ನ ಬಿಗಿತ ಒಂದೇ ತೆರನಾಗಿರುವುದರಿಂದ ತಿರುವಿನಲ್ಲಿ ಕಾರಿನ ನಡೆಯನ್ನು ಊಹಿಸುವುದು ಸುಲಭ. ಟ್ರ್ಯಾಕ್‌ಗೆ ಅಪರೂಪಕ್ಕೆ ಹೋಗುವವರಿಗೆ ಮೊದಲನೆಯದೇ ಸಾಕೆಂಬುದು ನನ್ನ ಅಭಿಪ್ರಾಯ. ಆದರೆ ಯಾವುದನ್ನೇ ಆರಿಸಿದರೂ, ಸ್ಪ್ರಿಂಗನ್ನು ಸ್ಪ್ರಿಂಗ್ ಕಂಪ್ರೆಸರ್ ಎಂಬ ಉಪಕರಣದಿಂದ ಅದುಮಿ ಹಿಡಿಯದೆ ಸ್ಟ್ರಟ್‌ನ ಮೇಲಿನ ನಟ್ಟನ್ನು ಬಿಚ್ಚಲೇಬಾರದು, ಏಕೆಂದರೆ ಸ್ಪ್ರಿಂಗ್ ಸಿಡಿದರೆ ಜೀವಕ್ಕೇ ಅಪಾಯ. ಹಿಂಭಾಗದ ತೋಳುಗಳ ಬೋಲ್ಟ್‌ಗಳನ್ನು ಕಾರಿನ ಭಾರ ಚಕ್ರಗಳ ಮೇಲೆ ಕೂತ ಬಳಿಕವೇ ಪೂರ್ತಿ ಬಿಗಿಯಬೇಕು. ಇಲ್ಲವಾದರೆ ಆ ತೋಳುಗಳ ಕೀಲಿನಲ್ಲಿರುವ ರಬ್ಬರ್ ಬುಷ್‌ಗಳು ತಿರುಚಿದ ಸ್ಥಿತಿಯಲ್ಲೇ ಉಳಿದು ಬೇಗ ಹರಿಯುತ್ತವೆ. ಎತ್ತರದೊಂದಿಗೆ ಚಕ್ರಗಳ ಕೋನವೂ ಬದಲಾಗುವುದರಿಂದ ವೀಲ್ ಅಲೈನ್‌ಮೆಂಟ್‌ನ ಖರ್ಚನ್ನೂ ಸ್ಪ್ರಿಂಗ್‌ನ ಬೆಲೆಯೊಳಗೇ ಲೆಕ್ಕ ಹಾಕಿಕೊಳ್ಳಬೇಕು.